ಉತಾರದಲ್ಲಿ ಇಲ್ಲದ ಹೆಸರು

(ನಮ್ಮ ಕನ್ನಡ ಸಂಘದ ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಹಿರಿಯರೇ, ಮಹಿಳಾ ವೇದಿಕೆಯ ಗೆಳತಿಯರೇ, ಹಿಂದಿನ ಸಾಲಿನಲ್ಲಿ ಉಪ್ಪಿಟ್ಟಿನ ವಾಸನೆಗೆ ಕಾಯುತ್ತ ಕುಳಿತಿರುವ ಅಣ್ಣ ತಮ್ಮಂದಿರೇ,

ಈ ಸಲ ಯಾವ ವಿಷಯದ ಬಗ್ಗೆ ಮಾತಾಡುತ್ತೀರಿ ಎಂದು ಕೇಳಿದಾಗ ನಾನು "ಒಕ್ಕಲುತನ" ಎಂದೆ. "ಟೆರೇಸ್ ಗಾರ್ಡನ್ ಬಗ್ಗೆಯಾ ಮೇಡಂ?" ಎಂದು ಕೇಳಿದರು. ತಪ್ಪೇನಿಲ್ಲ. ಮಗರಪಟ್ಟಾದ ಏಳನೇ ಮಹಡಿಯಲ್ಲಿರುವವಳು ಹೊಲದ ಮಾತು ಆಡುತ್ತೇನೆ ಅಂದರೆ ಕುಂಡದಲ್ಲಿರುವ ಕರಿಬೇವೇ ನೆನಪಾಗಬೇಕು. ಆದರೆ ನಾವೀಗ ಕುಳಿತಿರುವ ಜಾಗವೂ ಹೊಲವೇ ಆಗಿತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಹಡಪಸರದ ಈ ನೆಲದಲ್ಲಿ ಹಿಂದೆ ಕಬ್ಬು ಬೆಳೆಯುತ್ತಿದ್ದರು. 1982ರಲ್ಲಿ ಪುಣೆಯ ಅಭಿವೃದ್ಧಿ ಯೋಜನೆ ಈ ಜಮೀನನ್ನು ಮುಂದೆ ನಗರವಾಗಬಹುದಾದ ಪ್ರದೇಶ ಎಂದು ಗುರುತಿಸಿತು. ಸಾಮಾನ್ಯವಾಗಿ ಆಮೇಲೆ ಏನಾಗುತ್ತದೆ ಎಂದು ನಿಮಗೆಲ್ಲ ಗೊತ್ತು. ಬಿಲ್ಡರುಗಳು ಬರುತ್ತಾರೆ, ಒಬ್ಬೊಬ್ಬರ ಹೊಲ ಒಂದೊಂದು ರೇಟಿಗೆ ಹೋಗುತ್ತದೆ, ಬಂದ ದುಡ್ಡು ಜೀಪು, ಮದುವೆ, ಮನೆ ಅಂತ ಕರಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಸತೀಶ ಮಗರ ಅವರ ಮುಂದಾಳತ್ವದಲ್ಲಿ ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆಯನ್ನು ಒಟ್ಟುಗೂಡಿಸಿ ತಾವೇ ಒಂದು ಕಂಪನಿ ಕಟ್ಟಿದರು. ಯಾರ ಜಮೀನು ಎಷ್ಟೋ ಅವರಿಗೆ ಅಷ್ಟು ಷೇರು. ಹೊಲ ಹೋಯಿತು, ಆದರೆ ಒಡೆತನ ಉಳಿಯಿತು. ಇಲ್ಲಿಗೆ ಬಂದ ಹೊಸದರಲ್ಲಿ ಈ ಕಥೆ ಕೇಳಿ ನನಗೆ ಬಹಳ ಹೆಮ್ಮೆ ಅನಿಸಿತ್ತು. ಇಂದೂ ಅನಿಸುತ್ತದೆ. ಜೊತೆಗೆ ಆ ಕಥೆಯೊಳಗಿನ ಒಂದು ಸಣ್ಣ ಮಾತು ಇತ್ತೀಚೆಗೆ ನನ್ನನ್ನು ಬಿಡದೆ ಕಾಡುತ್ತಿದೆ. ಷೇರು ಸಿಗುವುದು ಕಾಗದದಲ್ಲಿ ಹೆಸರು ಇದ್ದವರಿಗೆ. ಇಲ್ಲಿ ಆ ಕಾಗದಕ್ಕೆ ಸಾತ್-ಬಾರಾ ಉತಾರಾ ಅಂತಾರೆ. ನಮ್ಮ ಧಾರವಾಡದ ಕಡೆ ಉತಾರ ಅಂತೇವೆ. ಬೆಂಗಳೂರಿನವರಿಗೆ ಪಹಣಿ ಅಂದರೆ ತಿಳಿಯುತ್ತದೆ.

ನಮ್ಮ ತವರು ನವಲಗುಂದ ಸೀಮೆಯ ಒಂದು ಹಳ್ಳಿ. ಎರಿಹೊಲ. ಮಳೆ ಬಂದರೆ ಕಾಲಿಗೆ ಅಂಟಿ ಬಿಡುವುದಿಲ್ಲ, ಬಿಸಿಲು ಬಿದ್ದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಸರ್ಕಾರದ ಕೃಷಿ ನೀತಿ ಎಂಬುದು ನಮ್ಮ ಮನೆಗೆ ಮೊದಲು ಬಂದದ್ದು ನೋಟಿಸಿನ ರೂಪದಲ್ಲಿ. ಮಲಪ್ರಭಾ ಕಾಲುವೆ ಬಂತು, ನಿಮ್ಮ ಜಮೀನಿನ ಬೆಲೆ ಹೆಚ್ಚಾಯಿತು, ಅದಕ್ಕೆ ಕರ ಕಟ್ಟಿ ಎಂದರು. ನೀರು ಎಲ್ಲರ ಹೊಲಕ್ಕೂ ಮುಟ್ಟಿರಲಿಲ್ಲ, ಕರ ಮಾತ್ರ ಎಲ್ಲರ ಮನೆಗೂ ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನಡೆದದ್ದು ಅದರ ಫಲ. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆಗ ನನಗೆ ಆರು ವರ್ಷ. ಅಪ್ಪ ಎರಡು ದಿನ ಮನೆಗೆ ಬರಲಿಲ್ಲ ಎಂಬುದು, ಅವ್ವ ಬಾಗಿಲಲ್ಲೇ ಕುಳಿತಿದ್ದಳು ಎಂಬುದು, ಇಷ್ಟೇ ನೆನಪು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಹಸಿರು ಶಾಲಿನ ರೈತನ ಚಿತ್ರ ನಾಡಿಗೆಲ್ಲ ಪರಿಚಯವಾಯಿತು. ಬಾಗಿಲಲ್ಲಿ ಕುಳಿತ ಅವ್ವನ ಚಿತ್ರ ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಹಳೆಯ ಒಕ್ಕಲುತನ ಎಲ್ಲ ಚೆಂದವಿತ್ತು, ಈಗ ಎಲ್ಲ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ದೂರದಲ್ಲಿ ಕುಳಿತು ಹಾಗೆ ಹೇಳುವುದು ಸುಲಭ. ಅವ್ವ ಇದನ್ನು ಕೇಳಿದರೆ ಬೈಯುತ್ತಾಳೆ. ಬಿತ್ತುವಾಗ ಕೂರಿಗೆಯ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ದಿನವಿಡೀ ನಡೆದವಳು ಅವಳು. ಕಣದಲ್ಲಿ ರಾಶಿಯಾಗುವವರೆಗೆ ಅವಳಿಗೆ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಮೊದಲ ಸಲ ಊರಿಗೆ ರಾಶಿ ಮಷಿನ್ ಬಂದಾಗ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಸಿದಳಂತೆ. ಟ್ರ್ಯಾಕ್ಟರ್ ಬಂತು, ಎತ್ತಿನ ಸಾಕಣೆಯ ಕೆಲಸ ಕಡಿಮೆಯಾಯಿತು. ಸಗಣಿ ಬಾಚುವುದು, ಮೇವು ಹೊರುವುದು ಹೆಂಗಸರ ಪಾಲಿನ ದುಡಿಮೆಯಾಗಿತ್ತು. ಅದು ತಪ್ಪಿದ್ದಕ್ಕೆ ಯಾವ ಹೆಂಗಸೂ ಅತ್ತಿಲ್ಲ.

ಆದರೆ ಹೋದದ್ದೂ ಇದೆ. ಬೀಜ ಅವ್ವನ ಕೈಯಲ್ಲಿತ್ತು. ಹೊಲದಲ್ಲಿ ನಿಂತಿರುವಾಗಲೇ ಒಳ್ಳೆಯ ತೆನೆ ಆರಿಸಿ, ಬೇರೆ ಬಡಿದು, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಇಡುತ್ತಿದ್ದಳು. ಈ ವರ್ಷ ಯಾವ ಬೀಜ ಬಿತ್ತಬೇಕು ಎಂದು ಅಪ್ಪ ಅವಳನ್ನು ಕೇಳಲೇಬೇಕಾಗಿತ್ತು. ನಮ್ಮ ಸೀಮೆಯ ಜಯಧರ ಹತ್ತಿಯ ಬೀಜವೂ ಮನೆಯದೇ. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಬೀಜ ಎಂದರೆ ಅಂಗಡಿಯಿಂದ ತರುವ ಪಾಕೀಟು ಎಂದಾಯಿತು. ಮೊದಮೊದಲು ಇಳುವರಿ ಬಂತು, ಕಾಯಿಕೊರಕದ ಕಾಟ ತಗ್ಗಿತು, ಅಣ್ಣ ಮನೆಗೆ ಸಿಮೆಂಟಿನ ಮಾಳಿಗೆ ಹಾಕಿಸಿದ. ಆಮೇಲೆ ಗುಲಾಬಿ ಕಾಯಿಕೊರಕ ಮತ್ತೆ ಬಂತು, ಎಣ್ಣೆ ಹೊಡೆಯುವ ಖರ್ಚು ಮತ್ತೆ ಬಂತು. ಪಾಕೀಟು ಕೊಳ್ಳಲು ಪೇಟೆಗೆ ಹೋಗುವವರು ಗಂಡಸರು, ದುಡ್ಡು ಗಂಡಸರದು, ಸಾಲ ಗಂಡಸರ ಹೆಸರಲ್ಲಿ. ಬೀಜದ ಜೊತೆಗೆ ಅವ್ವನ ಮಾತಿನ ತೂಕವೂ ಮನೆಯಿಂದ ಹೊರಗೆ ಹೋಯಿತು. ಕಳೆನಾಶಕ ಬಂದ ಮೇಲೆ ಕಳೆ ತೆಗೆಯುವ ಕೆಲಸ ಕಡಿಮೆಯಾಯಿತು. ಅವ್ವನ ಬೆನ್ನಿಗೆ ಅದು ಸುಖ. ಆದರೆ ಕೂಲಿಗೆ ಬರುತ್ತಿದ್ದ ಹೆಣ್ಣುಮಕ್ಕಳಿಗೆ ಅದೇ ದಿನಗಳ ಪಗಾರ ಹೋಯಿತು. ಒಂದೇ ಬಾಟಲಿಯಲ್ಲಿ ಎರಡೂ ಇದ್ದವು.

ಈಗ ಬೆಲೆಯ ಮಾತು. ಬಿಳಿಜೋಳದಲ್ಲಿ ಮಾಲದಂಡಿ ಎಂಬ ತಳಿ ನಿಮಗೆಲ್ಲ ಗೊತ್ತು, ಇಲ್ಲಿಯ ಭಾಕರಿಯೂ ಅದರದ್ದೇ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ದು ತೆಗೆದ ತಳಿ ಅದು, ನಮ್ಮ ಹೊಲಗಳಿಗೂ ಬಂದು ನಮ್ಮದೇ ಆಗಿದೆ. 2025-26ಕ್ಕೆ ಮಾಲದಂಡಿಗೆ ಕೇಂದ್ರ ಸರ್ಕಾರ ಹೇಳಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಹೆಸರಿಗೆ 8,768. ಕಾಗದದಲ್ಲಿ ಒಳ್ಳೆಯ ಬೆಲೆಯೇ. ಆದರೆ ಹೆಸರು ಬಿಡಿಸಿದ ರೈತನಿಗೆ ಆ ವಾರವೇ ದುಡ್ಡು ಬೇಕು. ಆಳಿಗೆ ಕೊಡಬೇಕು, ಹಿಂಗಾರಿ ಬಿತ್ತನೆಗೆ ಬೀಜ ಗೊಬ್ಬರ ತರಬೇಕು. ಖರೀದಿ ಕೇಂದ್ರ ತೆರೆಯುವ ಹೊತ್ತಿಗೆ ನಮ್ಮ ಮನೆಯ ಹೆಸರು ಎಷ್ಟೋ ಸಲ ದಲಾಲಿ ಅಂಗಡಿ ಸೇರಿ ಆಗಿರುತ್ತಿತ್ತು.

ಉಳ್ಳಾಗಡ್ಡಿಯ ವಿಷಯದಲ್ಲಿ ನಾನು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. 2023 ನೆನಪಿದೆಯೇ? ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ. ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಹಾಕಿತು, ಡಿಸೆಂಬರ್ 8ರಿಂದ ರಫ್ತನ್ನೇ ನಿಲ್ಲಿಸಿತು. ಹಡಪಸರ ಮಂಡಯಿಯಲ್ಲಿ ರೇಟು ಇಳಿದ ದಿನ ನಾನೇ ನಮ್ಮ ಮಹಿಳಾ ವೇದಿಕೆಯ ವಾಟ್ಸ್ಆಪ್ ಗುಂಪಿನಲ್ಲಿ "ಈರುಳ್ಳಿ ಅಗ್ಗ ಆಯ್ತು, ಬೇಗ ಹೋಗಿ" ಎಂದು ಹಾಕಿದ್ದೆ. ನಗುವ ಮುಖದ ಚಿತ್ರ ಬೇರೆ. ಅದೇ ಸಂಜೆ ಅಣ್ಣನ ಫೋನ್. ಬರದಲ್ಲಿ ಅಷ್ಟಿಷ್ಟು ಉಳಿದಿದ್ದ ಉಳ್ಳಾಗಡ್ಡಿಯನ್ನು ಅವನು ಆ ವಾರವೇ ಮಾರಿದ್ದ. "ಗಾಡಿ ಬಾಡಿಗಿ ಕಳದು ಕೈಗೆ ಏನೂ ಬರಲಿಲ್ಲವಾ" ಅಂದ. ನಾನು ಗುಂಪಿಗೆ ಹೋಗಿ ಆ ಸಂದೇಶ ಅಳಿಸಿದೆ. ತಿನ್ನುವವರಿಗೂ ಹೊರೆಯಾಗಬಾರದು, ಬೆಳೆಯುವವರಿಗೂ ಗಿಟ್ಟಬೇಕು, ಇದನ್ನು ಹೊಂದಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ಆದರೆ ಪ್ರತಿಸಲವೂ ತೂಕ ನಮ್ಮ ಅಡುಗೆಮನೆಯ ಕಡೆಗೇ ವಾಲುತ್ತದೆ. ನಾವು ಸಂಖ್ಯೆಯಲ್ಲಿ ಜಾಸ್ತಿ, ನಮ್ಮ ಗದ್ದಲವೂ ಜಾಸ್ತಿ.

ಇಷ್ಟು ಹೊತ್ತು ಅಣ್ಣ, ಅಪ್ಪ ಎಂದೇ ಹೇಳುತ್ತಿದ್ದೇನೆ. ನಿಜವಾಗಿ ನಮ್ಮ ಹೊಲ ನೋಡಿಕೊಳ್ಳುವವರು ವೈನಿ. ಅಣ್ಣನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಬರುತ್ತಾನೆ. ಆಳು ಹುಡುಕುವುದು, ಟ್ರ್ಯಾಕ್ಟರಿನವನ ಹಿಂದೆ ಬೀಳುವುದು, ಎಣ್ಣೆ ಹೊಡೆಸುವುದು, ಹತ್ತಿ ಬಿಡಿಸುವುದು, ತೂಕಕ್ಕೆ ನಿಲ್ಲುವುದು ಎಲ್ಲ ವೈನಿ. ಸೀಗಿ ಹುಣ್ಣಿಮೆಗೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲುವುದೂ ಅವರೇ. ಬೆಳೆ ಸಮೀಕ್ಷೆಯ ಆಪ್ ಬಂದಾಗಿನಿಂದ ಹೊಲದಲ್ಲಿ ನಿಂತು ಫೋಟೋ ತೆಗೆಯುವುದೂ ವೈನಿಯೇ. ಓಟಿಪಿ ಮಾತ್ರ ಹುಬ್ಬಳ್ಳಿಯಲ್ಲಿರುವ ಅಣ್ಣನ ಮೊಬೈಲಿಗೆ ಬರುತ್ತದೆ. ಅವನು ಫೋನ್ ಮಾಡಿ ಹೇಳಬೇಕು, ಇವರು ಒತ್ತಬೇಕು.

ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಒಂದು ರಾತ್ರಿ ನಿದ್ದೆ ಬರದೆ ನಾನು ಇಲ್ಲಿ ಕುಳಿತು ಕರ್ನಾಟಕ ಸರ್ಕಾರದ ಭೂಮಿ ವೆಬ್‌ಸೈಟಿನಲ್ಲಿ ನಮ್ಮ ಹೊಲದ ಸರ್ವೆ ನಂಬರು ಹಾಕಿ ನೋಡಿದೆ. ಉತಾರ ತೆರೆದುಕೊಂಡಿತು. ಒಂಬತ್ತನೇ ಕಾಲಮಿನಲ್ಲಿ ಒಡೆಯರ ಹೆಸರು, ಇನ್ನೂ ಅಪ್ಪನದೇ ಇತ್ತು. ಅದನ್ನು ನೋಡಿ ಸ್ವಲ್ಪ ಅತ್ತೆ. ಆಮೇಲೆ ಹನ್ನೆರಡನೇ ಕಾಲಮಿಗೆ ಬಂದೆ. ಸಾಗುವಳಿ ಯಾರದು ಎಂಬಲ್ಲಿ ಒಂದೇ ಪದ: ಸ್ವಂತ. ನೀವೆಲ್ಲ ನಿಮ್ಮ ಊರಿನ ಪಹಣಿಗಳಲ್ಲಿ ಈ ಪದ ನೋಡಿರುತ್ತೀರಿ. ನಾನೂ ಎಷ್ಟೋ ಸಲ ನೋಡಿದ್ದೆ. ಆ ರಾತ್ರಿ ಮಾತ್ರ ಕೇಳಿಕೊಂಡೆ, ಸ್ವಂತ ಅಂದರೆ ಯಾರು? ಅಪ್ಪ ಹಾಸಿಗೆ ಹಿಡಿದ ಕೊನೆಯ ಆರು ವರ್ಷಗಳಲ್ಲಿ ಹೊಲಕ್ಕೆ ಕಾಲಿಟ್ಟಿರಲಿಲ್ಲ. ಅಣ್ಣ ಭಾನುವಾರದ ರೈತ. ಆ 'ಸ್ವಂತ' ಎಂಬ ಎರಡಕ್ಷರದ ಹಿಂದೆ ವೈನಿಯ ಇಪ್ಪತ್ತೆಂಟು ವರ್ಷಗಳಿದ್ದವು.

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ ಗೆಳತಿಯರೇ. ನಮ್ಮ ಕೃಷಿ ನೀತಿಯ ಎಲ್ಲ ಬಾಗಿಲುಗಳಿಗೂ ಉತಾರವೇ ಕೀಲಿಕೈ. 2019ರಿಂದ ಬರುತ್ತಿರುವ ಪಿಎಂ ಕಿಸಾನ್‌ನ ವರ್ಷಕ್ಕೆ 6,000 ರೂಪಾಯಿ ಜಮೀನು ಯಾರ ಹೆಸರಲ್ಲಿದೆಯೋ ಅವರ ಖಾತೆಗೆ. ಬೆಳೆಸಾಲಕ್ಕೆ ಉತಾರ ಬೇಕು. ಬೆಳೆವಿಮೆಗೆ, ಬರ ಪರಿಹಾರಕ್ಕೆ, ಬೆಂಬಲ ಬೆಲೆಯ ನೋಂದಣಿಗೆ ಉತಾರ ಬೇಕು. ಸಾಲದಲ್ಲಿ ಜೀವ ಕಳೆದುಕೊಂಡ ರೈತನ ಹೆಂಡತಿ, ಜಮೀನು ಮಾವನ ಹೆಸರಿನಲ್ಲಿದ್ದರೆ, ತನ್ನ ಗಂಡ ರೈತನಾಗಿದ್ದ ಎಂದು ಸಾಬೀತು ಮಾಡಲು ಅಲೆಯಬೇಕಾಗುತ್ತದೆ. ತಾನು ರೈತಳು ಎಂದು ಹೇಳುವ ಮಾತಂತೂ ಎಷ್ಟೋ ದೂರ.

ಲೆಕ್ಕ ಹೀಗಿದೆ. ಹಳ್ಳಿಗಾಡಿನಲ್ಲಿ ದುಡಿಯುವ ನಾಲ್ಕು ಹೆಂಗಸರಲ್ಲಿ ಮೂವರು ದುಡಿಯುವುದು ಒಕ್ಕಲುತನದಲ್ಲೇ. ಆದರೆ 2015-16ರ ಕೃಷಿ ಗಣತಿಯಲ್ಲಿ ಹೆಣ್ಣುಮಕ್ಕಳ ಹೆಸರಿನ ಹಿಡುವಳಿಗಳು ನೂರಕ್ಕೆ ಸುಮಾರು 14 ಮಾತ್ರ. ಡಾ. ಎಂ. ಎಸ್. ಸ್ವಾಮಿನಾಥನ್ ಅವರ ಆಯೋಗದ ವರದಿಗಳ ನಂತರ 2007ರಲ್ಲಿ ಬಂದ ರಾಷ್ಟ್ರೀಯ ರೈತ ನೀತಿ, ರೈತ ಎಂದರೆ ಜಮೀನಿನ ಒಡೆಯ ಮಾತ್ರವಲ್ಲ, ಉಳುವವರು, ಗೇಣಿದಾರರು, ಕೂಲಿಕಾರರು ಎಲ್ಲರೂ ಎಂದು ಹೇಳಿತು. ಮಹಿಳಾ ರೈತರ ಹಕ್ಕುಗಳಿಗಾಗಿ ಸ್ವಾಮಿನಾಥನ್ ಅವರೇ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯನ್ನೂ ತಂದರು. ಅದು ಕಾನೂನಾಗಲಿಲ್ಲ. ಈ ವರ್ಷ, 2026ನ್ನು, ವಿಶ್ವಸಂಸ್ಥೆ ಅಂತರರಾಷ್ಟ್ರೀಯ ರೈತ ಮಹಿಳೆ ವರ್ಷ ಎಂದು ಕರೆದಿದೆ. ಒಳ್ಳೆಯದು. ಹನ್ನೆರಡನೇ ಕಾಲಮಿನಲ್ಲಿ ಇನ್ನೂ 'ಸ್ವಂತ' ಎಂದೇ ಇದೆ.

ಇದಕ್ಕೆ ದಾರಿ ಇಲ್ಲವೇ? ನಮ್ಮ ಪಕ್ಕದಲ್ಲೇ ಒಂದು ದಾರಿ ತೆರೆದಿತ್ತು. ಇಲ್ಲಿಂದ ಚಾಕಣ ದೂರವೇನಲ್ಲ. ಅದರ ಹತ್ತಿರದ ಆಂಬೇಠಾಣದಲ್ಲಿ ಶರದ್ ಜೋಶಿಯವರು ಸ್ವಿಟ್ಜರ್ಲೆಂಡಿನ ನೌಕರಿ ಬಿಟ್ಟು ಬಂದು ಒಣಭೂಮಿ ಕೊಂಡು ಬೇಸಾಯ ಮಾಡಿದರು, ಶೇತಕರಿ ಸಂಘಟನೆ ಕಟ್ಟಿದರು. ಉಳ್ಳಾಗಡ್ಡಿ ಬೆಲೆಗಾಗಿ ಚಾಕಣದಲ್ಲಿ ರಸ್ತೆಗಿಳಿದರು. 1986ರಲ್ಲಿ ಚಾಂದವಡದಲ್ಲಿ ರೈತ ಮಹಿಳೆಯರ ದೊಡ್ಡ ಸಮಾವೇಶ ನಡೆಯಿತು. ಅದರ ಮುಂದಿನ ಹೆಜ್ಜೆಯಾಗಿ 'ಲಕ್ಷ್ಮೀ ಮುಕ್ತಿ' ಎಂಬ ಚಳವಳಿ ಶುರುವಾಯಿತು. ಒಂದು ಊರಿನ ನೂರು ಮಂದಿ ಗಂಡಸರು ತಮ್ಮ ಜಮೀನಿನ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಮಾಡಿದರೆ ಆ ಊರು ಲಕ್ಷ್ಮೀ ಮುಕ್ತಿ ಗ್ರಾಮ. ಇದು ದಾನ ಅಲ್ಲ, ಹೆಂಗಸರ ಸಾಲ ತೀರಿಸುವುದು ಎಂಬುದು ಅದರ ಹಿಂದಿನ ವಿಚಾರ. 1992ರಲ್ಲಿ ಮಹಾರಾಷ್ಟ್ರ ಸರ್ಕಾರವೂ ಗಂಡ ಒಪ್ಪಿದರೆ ಸಾತ್-ಬಾರಾದಲ್ಲಿ ಹೆಂಡತಿಯ ಹೆಸರು ಸೇರಿಸಲು ದಾರಿ ಮಾಡಿತು. ಉತಾರಾ ಎಂಬ ಒಂದೇ ಪದ ಎರಡೂ ಕಡೆ ಇದೆ, ವೈನಿ ಎಂಬ ಪದವೂ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಸೇರಿಸುವ ಕೆಲಸ ಮಾತ್ರ ಎರಡೂ ಕಡೆ ಬಾಕಿ ಇದೆ.

ಈಗ ನಾನು ಈ ವಿಷಯ ಯಾಕೆ ಆರಿಸಿದೆ ಎಂದು ಹೇಳಬೇಕು. ಹೋದ ದೀಪಾವಳಿಗೆ ಅಣ್ಣ ಫೋನ್ ಮಾಡಿದ. "ವಾರಸಾ ಹಚ್ಚಬೇಕು. ನಿಂದೊಂದು ಹಕ್ಕ ಬಿಟ್ಟ ಸಹಿ ಬೇಕಾಗೇತಿ. ಬಂದಾಗ ಒಂದು ಸಹಿ ಹಾಕಿ ಹೋಗಿಬಿಡು" ಅಂದ. ನಮ್ಮ ಕಡೆ ಹೆಣ್ಣುಮಕ್ಕಳು ಸಹಿ ಹಾಕಿ, ಸೀರೆ ಉಡಿಸಿಕೊಂಡು, ಉಂಡು ಬರುವುದು ಪದ್ಧತಿ. ಕಾನೂನು ಬೇರೆ ಹೇಳುತ್ತದೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿ ಬಂತು. 2005ರಲ್ಲಿ ದೇಶಕ್ಕೆಲ್ಲ ಬಂತು. ತಂದೆ ಯಾವಾಗ ತೀರಿಕೊಂಡರು ಎಂಬುದು ಮುಖ್ಯವಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ನನಗೆ ಆ ಜಮೀನು ಬೇಕಿರಲಿಲ್ಲ. ಅಣ್ಣನ ಜೊತೆ ಜಗಳವೂ ಬೇಕಿರಲಿಲ್ಲ. ಸಹಿ ಹಾಕಿಬಿಡುತ್ತಿದ್ದೆ. ಆದರೆ ಆ ಹನ್ನೆರಡನೇ ಕಾಲಮು ಕಣ್ಣ ಮುಂದೆ ಬಂತು. "ಅಣ್ಣಾ, ನನ್ನ ಪಾಲು ನಾ ಇಟ್ಟುಕೊಳ್ಳಂಗಿಲ್ಲ. ಆದರ ಅದನ್ನ ವೈನಿ ಹೆಸರಿಗೆ ಬರದು ಕೊಡ್ತೀನಿ" ಅಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಅಂದ: "ನನಗ ಕೊಟ್ಟರೇನು, ಅಕಿಗೆ ಕೊಟ್ಟರೇನು, ಒಂದ ಮನಿ ಅಲ್ಲೇನು?"

"ಒಂದ ಮನಿ ಆದರ ಅಕಿಗೆ ಕೊಟ್ಟರ ಏನಾತಣ್ಣಾ?" ಅಂದೆ.

ಫೋನ್ ಇಟ್ಟುಬಿಟ್ಟ. ಒಂದು ತಿಂಗಳು ಮಾತಾಡಲಿಲ್ಲ. ವೈನಿಯೇ ಫೋನ್ ಮಾಡಿ, "ಬ್ಯಾಡ ಬಿಡವಾ, ಅಣ್ಣ ತಂಗಿ ನಡುವ ನನ್ನ ಹೆಸರು ಯಾಕ?" ಎಂದರು. ನಾನು ಸುಮ್ಮನಿದ್ದೆ. ಫೋನ್ ಇಡುವ ಮೊದಲು ಅವರು ದನಿ ತಗ್ಗಿಸಿ ಒಂದು ಮಾತು ಕೇಳಿದರು. "ಅಲ್ಲವಾ, ಹೆಸರು ಬಂದರ ಪ್ಯಾಟ್ಯಾಗ ಹತ್ತಿ ಪಟ್ಟಿ ನನ್ನ ಕೈಯಾಗ ಕೊಡ್ತಾರೇನು?"

ಮಾರಿದ ಮಾಲಿನ ತೂಕ, ರೇಟು, ಕಳೆದ ಖರ್ಚು, ಕೈಗೆ ಬಂದ ಹಣ ಬರೆದ ಚೀಟಿಗೆ ನಮ್ಮಲ್ಲಿ ಪಟ್ಟಿ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಹತ್ತಿ ಬಿಡಿಸಿದವರು, ತೂಕಕ್ಕೆ ನಿಂತವರು ಒಂದು ಸಲವೂ ಆ ಚೀಟಿಯನ್ನು ತಮ್ಮ ಹೆಸರಿನಲ್ಲಿ ನೋಡಿರಲಿಲ್ಲ. ಕೃಷಿ ನೀತಿಯ ಬಗ್ಗೆ ನಾನು ಓದಿದ ಯಾವ ಲೇಖನವೂ ಆ ಒಂದು ಪ್ರಶ್ನೆಯಷ್ಟು ನನಗೆ ತಿಳಿಸಿಕೊಟ್ಟಿಲ್ಲ.

ಅವ್ವನನ್ನೂ ಕೇಳಿದೆ. ಅವಳೂ ವಾರಸುದಾರಳೇ ಅಲ್ಲವೇ. "ನನ್ನ ಹೆಸರು ಎಲ್ಲೂ ಇರಲಿಲ್ಲ. ಆದರೂ ಹೊಲಾ ನಂದ ಅಂದಕೊಂಡು ದುಡದೆ. ನಿಮ್ಮಪ್ಪ ಹ್ವಾದ ಮ್ಯಾಲ ಗೊತ್ತಾತು" ಎಂದಳು. ಏನು ಗೊತ್ತಾಯಿತು ಎಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಇಲ್ಲಿ ಕುಳಿತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಊರಿನಲ್ಲಿ ಒಂದಿಷ್ಟು ಜಮೀನಿನ ಸಂಬಂಧ ಇದೆ. ಕೆಲವರು ಸಹಿ ಹಾಕಿ ಬಂದಿದ್ದೀರಿ, ಕೆಲವರು ಕೇಸು ಹಾಕಿದ್ದೀರಿ, ಎರಡೂ ನನಗೆ ಅರ್ಥವಾಗುತ್ತದೆ. ಇನ್ನು ಕೆಲವರು, 2020ರಲ್ಲಿ ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ರೈತರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ, ಊರ ಕಡೆ ಫಾರ್ಮ್‌ಹೌಸ್ ನೋಡುತ್ತಿದ್ದೀರಿ. ಬೇಡ ಎನ್ನಲು ನಾನ್ಯಾರು? ನನ್ನ ಕೋರಿಕೆ ಸಣ್ಣದು. ಈ ಸಲ ಊರಿಗೆ ಹೋಗುವ ಮೊದಲು ನಿಮ್ಮ ಮನೆಯ ಉತಾರವನ್ನು ಒಮ್ಮೆ ತೆರೆದು ನೋಡಿ. ಒಂಬತ್ತನೇ ಕಾಲಮು ನೋಡಿ, ಆಮೇಲೆ ಹನ್ನೆರಡನೆಯದು. ಆ ಹೊಲದಲ್ಲಿ ನಿಜವಾಗಿ ದುಡಿಯುತ್ತಿರುವ ಕೈ ಯಾರದು ಎಂದು ಯೋಚಿಸಿ. ಸಹಿ ಹಾಕುವುದೇ ಆದರೆ ಆ ಕೈಯ ಹೆಸರಿಗೆ ಹಾಕಲು ಬರುತ್ತದೆಯೇ ಎಂದು ತಿಳಿದ ವಕೀಲರನ್ನು ಕೇಳಿ. ಮಗರಪಟ್ಟಾದ ರೈತರು ನಗರ ಬಂದಾಗ ಒಡೆತನ ಬಿಡಲಿಲ್ಲ. ಅದು ಸಾಧ್ಯವಾದದ್ದು ಕಾಗದದಲ್ಲಿ ಅವರ ಹೆಸರಿದ್ದುದರಿಂದ.

ನಮ್ಮ ಮನೆಯ ಕಥೆ ಇನ್ನೂ ಮುಗಿದಿಲ್ಲ. ಹೋದ ವಾರ ಅಣ್ಣ ಫೋನ್ ಮಾಡಿದ್ದ. ಮಳೆ, ಮಕ್ಕಳು, ಅವ್ವನ ಮೊಣಕಾಲು, ಎಲ್ಲ ಮಾತಾಡಿದ. ಉತಾರದ ಮಾತು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕೊನೆಗೆ, ಫೋನ್ ಇಡುವಾಗ, ಯಾರ ಮೇಲೋ ಸಿಟ್ಟು ಬಂದವನ ಹಾಗೆ ಅಂದ: "ನಿಮ್ಮ ವೈನೀದ ಆಧಾರ್ ಕಾರ್ಡಿನಾಗ ಇನ್ನೂ ತವರಮನಿ ಹೆಸರ ಐತಿ. ಮೊದಲ ಅದನ್ನ ತಿದ್ದಿಸಬೇಕು. ಇಲ್ಲಂದರ ನಾಳೆ ಎಲ್ಲಾ ಅಡ್ಡ ಬರತೈತಿ."

ನಾನು "ಹೂಂ" ಎಂದೆ. ಅಷ್ಟೇ.

ಉಪ್ಪಿಟ್ಟಿಗೆ ಹಾಕಿರುವ ಉಳ್ಳಾಗಡ್ಡಿ ಯಾವ ಊರಿನದೋ ಗೊತ್ತಿಲ್ಲ. ಬೆಳೆದವಳಿಗೆ ಪಟ್ಟಿ ಅವಳ ಕೈಯಲ್ಲೇ ಸಿಕ್ಕಿರಲಿ ಎಂದು ಹಾರೈಸಿ ತಿನ್ನೋಣ.